ಕೆರೆಗೆ ಒಡೆಯರು ಎಷ್ಟು ಮಂದಿ?

ತಳಕಲ್ಲಿನ ನಿಲ್ದಾಣದಲ್ಲಿ ರೈಲು ಹತ್ತಿ ಪಶ್ಚಿಮಾಭಿಮುಖವಾಗಿ ಗದಗಿಗೆ ಹೋಗಿ, ಅಲ್ಲಿಂದ ಲಕ್ಷ್ಮೇಶ್ವರದ ಮಾರ್ಗದಲ್ಲಿ ಬಸ್ಸು ಹಿಡಿದರೆ, ಶಿರಹಟ್ಟಿ ತಾಲೂಕಿನ ಮಾಗಡಿಯೆಂಬ ಗ್ರಾಮವು ಸಿಕ್ಕುವದು. ಕೆಂಪೇಗೌಡರ ಮಾಗಡಿಯು ಬೇರೆ. ವಾಚಕರು ಅದನ್ನು ಇದರೊಡನೆ ಬೆರೆಸಬಾರದು. ಈ ಮಾಗಡಿಯ ಕೆರೆಯು ಮಳೆಯ ನೀರನ್ನು ಹಿಡಿದು ಹೊಲಗಳಿಗೆ ಉಣಿಸುವದಕ್ಕಾಗಿ ಕಟ್ಟಿದ್ದು. ವಿಸ್ತಾರದಲ್ಲಿ ಸುಮಾರು ೫೦ ಹೆಕ್ಟೇರು, ಎಂದರೆ ೧೨೫ ಎಕರೆಯಷ್ಟು. ನಮ್ಮ ಸೀಮೆಯ ಹತ್ತು ಹಳ್ಳಿಗಳ ಕೆರೆಗಳಂತೆ ಅದೂ ಒಂದು ಕೆರೆ; ಒಡ್ಡು, ತೂಬು, ಕೋಡಿ ಎಲ್ಲವೂ ಇದ್ದ ಹಾಗೆಯೇ ಇವೆ. ಆದರೆ ಚಳಿಗಾಲವು ಮೊದಲಾಗುತ್ತಲೇ ಅಲ್ಲಿಗೆ ಬರುವ ಅತಿಥಿಗಳು ಮಾತ್ರ ನಮ್ಮ ಸೀಮೆಯವರಲ್ಲ. ಪಟ್ಟೆತಲೆಯ ಹೆಬ್ಬಾತುಗಳೆಂಬ ಬೂದುಬಣ್ಣದ ದೊಡ್ಡ ಹಕ್ಕಿಗಳು, ತಲೆಯ ಹಿಂಬದಿಯಲ್ಲಿ ಎರಡು ಕರಿಯ ಗೆರೆಗಳನ್ನು ಎಳೆದುಕೊಂಡು, ಸಾಲುಸಾಲಾಗಿ ಬಂದು ಇಳಿಯುವವು; ಸುತ್ತಲಿನ ಕಡಲೆ ಶೇಂಗಾಗಳ ಹೊಲಗಳಲ್ಲಿ ಮೇದು ಮರಳಿ ನೀರಿಗೆ ಬರುವವು.

ನಾವು ಸಂಸ್ಕೃತ ಪಾಠಶಾಲೆಯಲ್ಲಿ ಮೇಘದೂತವನ್ನು ಓದುವಾಗ, ಮೋಡದ ಸಂಗಡ ಮಾನಸ ಸರೋವರಕ್ಕೆ ಹೊರಡುವ ಹಂಸಗಳನ್ನು ಕೇವಲ ಕವಿಸಮಯವೆಂದೇ ಎಣಿಸಿದ್ದೆವು. ಈ ಹೆಬ್ಬಾತುಗಳ ವೃತ್ತಾಂತವನ್ನು ತಿಳಿದ ಮೇಲೆ ಕಾಳಿದಾಸನಲ್ಲಿ ನಮ್ಮ ಗೌರವವು ಇಮ್ಮಡಿಯಾಯಿತು. ಮಂಗೋಲಿಯಾ, ತಿಬೇಟ್, ಛಿಂಗ್‌ಹಾಯ್ ಮುಂತಾದ ಎತ್ತರದ ನಾಡುಗಳ ಸರೋವರಗಳಲ್ಲಿ ಇವು ಮೊಟ್ಟೆಯಿಟ್ಟು ಮರಿಮಾಡಿ, ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತವೆ. ವಿಜ್ಞಾನಿಗಳು ಹಕ್ಕಿಗಳಿಗೆ ಸಣ್ಣ ಯಂತ್ರಗಳನ್ನು ಕಟ್ಟಿ ಅಳೆದಾಗ, ಕೆಲವು ೭,೦೦೦ ಮೀಟರಿಗೂ ಮಿಕ್ಕಿದ ಎತ್ತರದಲ್ಲಿ ಹಾರಿದ್ದು ಕಂಡುಬಂದಿತು. ಅವು ರಾತ್ರಿಯಲ್ಲಿಯೂ ನಸುಕಿನಲ್ಲಿಯೂ ಹಾರುವದನ್ನೇ ಹೆಚ್ಚು ಬಯಸುತ್ತವೆ. ತಣ್ಣಗಿನ ಗಾಳಿಯು ದಟ್ಟವಾಗಿದ್ದು ರೆಕ್ಕೆಗೆ ಆಧಾರವನ್ನೂ ಉಸಿರಿಗೆ ಪ್ರಾಣವಾಯುವನ್ನೂ ಹೆಚ್ಚಾಗಿ ಕೊಡುವದು. ಅವುಗಳ ರಕ್ತವೂ ಉಳಿದ ಬಾತುಗಳ ರಕ್ತಕ್ಕಿಂತ ಪ್ರಾಣವಾಯುವನ್ನು ಬೇಗನೆ ಹಿಡಿದುಕೊಳ್ಳುವಂಥದು. ಒಂದು ಮಾತು ಮಾತ್ರ ತಾಳೆಬೀಳದು: ಕವಿಯ ಹಂಸಗಳು ಮುಂಗಾರಿನ ಮೋಡವನ್ನು ಕಂಡು ಹೊರಡುತ್ತವೆ, ನಮ್ಮವು ಮಾರ್ಚ್ ತಿಂಗಳು ಮುಗಿಯುವಷ್ಟರಲ್ಲಿ ಹೊರಟುಹೋಗಿರುತ್ತವೆ. ಕವಿಸಮಯಕ್ಕೂ ಪಕ್ಷಿಸಮಯಕ್ಕೂ ಇರುವ ಈ ಎರಡು ಮೂರು ತಿಂಗಳ ಅಂತರವನ್ನು ನಾವು ಕ್ಷಮಿಸಿದ್ದೇವೆ.

ಇಂಥ ಹಕ್ಕಿಯನ್ನು ಒಂದೇ ಸರಕಾರವು ಕಾಪಾಡಲಾರದು. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ೨೦೦೫ರಲ್ಲಿ ಛಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರವು ಹಬ್ಬಿ ಸಾವಿರಾರು ನೀರಹಕ್ಕಿಗಳು ಸತ್ತಾಗ ಅವುಗಳಲ್ಲಿ ಈ ಜಾತಿಯವೇ ಬಹಳವಾಗಿದ್ದವು. ಅಲ್ಲಿಯ ರೋಗವೂ ಇಲ್ಲಿಯ ಬರವೂ ಒಂದೇ ಹಕ್ಕಿಯ ಮೇಲೆ ಬೀಳುತ್ತವೆ. ಆದಕಾರಣವೇ ೧೯೭೧ನೆಯ ಇಸವಿಯ ಫೆಬ್ರುವರಿ ೨ರಂದು ಇರಾನ್ ದೇಶದ ರಾಮ್‌ಸರ್ ಎಂಬ ಊರಿನಲ್ಲಿ ಹಲವು ದೇಶಗಳು ಸೇರಿ ಜೌಗುನೆಲಗಳ ರಕ್ಷಣೆಗಾಗಿ ಒಂದು ಒಪ್ಪಂದವನ್ನು ಮಾಡಿಕೊಂಡವು. ಭಾರತವು ೧೯೮೨ರಲ್ಲಿ ಅದನ್ನು ಸೇರಿತು. ನಮ್ಮ ರಾಜ್ಯದಿಂದ ಆ ಪಟ್ಟಿಗೆ ಮೊದಲು ಏರಿದ್ದು ೨೦೨೨ರಲ್ಲಿ ರಂಗನತಿಟ್ಟು. ಅನಂತರ ೨೦೨೪ರ ಜನವರಿಯ ಕೊನೆಯಲ್ಲಿ ಮಾಗಡಿಯ ಕೆರೆ, ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆ, ಉತ್ತರ ಕನ್ನಡದ ಅಘನಾಶಿನಿಯ ಅಳಿವೆ ಈ ಮೂರೂ ಒಟ್ಟಿಗೆ ಸೇರಿದವು; ಆಗ ಭಾರತದ ಒಟ್ಟು ಸಂಖ್ಯೆಯು ೮೦ ಆಯಿತು. ಮೂರರಲ್ಲಿ ಎರಡು ಮನುಷ್ಯರು ಕಟ್ಟಿದ ಕೆರೆಗಳೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಮುಂದಿನ ಮಾತೆಲ್ಲವೂ ಇದನ್ನೇ ಅವಲಂಬಿಸಿದೆ.

ಅಮರಕೋಶದಲ್ಲಿ ನೀರು ತುಂಬಿದ ನೆಲಕ್ಕೆ ಅನೂಪವೆಂಬ ಹೆಸರುಂಟು. ಅಮರಸಿಂಹನು ಆ ನೀರನ್ನು ಯಾರು ತಂದರೆಂದು ವಿಚಾರಿಸುವದಿಲ್ಲ. ರಾಮ್‌ಸರ್ ಒಪ್ಪಂದವೂ ವಿಚಾರಿಸುವದಿಲ್ಲ: ಸಹಜವಾದದ್ದಾಗಲಿ ಕೃತ್ರಿಮವಾದದ್ದಾಗಲಿ, ವರ್ಷವಿಡೀ ಇರುವದಾಗಲಿ ಕೆಲಕಾಲ ಇರುವದಾಗಲಿ, ಎಲ್ಲವೂ ಅದರ ಲೆಕ್ಕಕ್ಕೆ ಬರುತ್ತವೆ. ಆದರೆ ಭಾರತ ಸರಕಾರವು ೨೦೧೭ರಲ್ಲಿ ಹೊರಡಿಸಿದ ಜೌಗುನೆಲ ಸಂರಕ್ಷಣಾ ನಿಯಮಗಳು ವಿಚಾರಿಸುತ್ತವೆ. ಕುಡಿಯುವ ನೀರಿಗಾಗಿ ಮನುಷ್ಯರು ಕಟ್ಟಿದ ಕೆರೆ, ನೀರಾವರಿಗಾಗಿ ಕಟ್ಟಿದ ರಚನೆ, ಮೀನುಸಾಕಣೆಯ ಹೊಂಡ, ಭತ್ತದ ಗದ್ದೆ ಇವುಗಳನ್ನು ಆ ನಿಯಮಗಳು ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಮಲೆನಾಡಿನವರಿಗೆ ಇದು ಸಣ್ಣ ಮಾತಾಗಿ ತೋರಬಹುದು. ಕೊಪ್ಪಳ, ಯಲಬುರ್ಗಿ, ಕುಷ್ಟಗಿಗಳಂಥ ಒಣನೆಲದಲ್ಲಿ ಕಟ್ಟಿದ ಕೆರೆಯನ್ನು ಬಿಟ್ಟರೆ ಬೇರೆ ಅನೂಪವೆಲ್ಲಿದೆ? ಮಾಗಡಿಯ ಕೆರೆಯು ಜಗತ್ತಿನ ಪಟ್ಟಿಗೆ ಏರಿದೆ, ವನ್ಯಜೀವಿ ಶಾಸನದ ಮೇರೆಗೆ ಸಂರಕ್ಷಿತ ಮೀಸಲೂ ಆಗಿದೆ, ಅದಕ್ಕೆ ರಕ್ಷಣೆಯುಂಟು. ಅದರ ಒಡಹುಟ್ಟಿದಂತಿರುವ ನೂರಾರು ಕೆರೆಗಳಿಗೆ ಈ ನಿಯಮದ ನೆರಳಿಲ್ಲ.

ಇದು ಕಾಗದದ ಮೇಲಿನ ಚರ್ಚೆಯೆಂದು ನಾವೂ ಭಾವಿಸಿದ್ದೆವು. ಹೋದ ವರ್ಷ ನಮ್ಮ ಸೀಮೆಯ ಒಂದು ಕೆರೆಯ ಅಂಚನ್ನು ಯಾರೋ ಮಣ್ಣು ತುಂಬಿ ಎತ್ತರಿಸತೊಡಗಿದಾಗ, ಊರಿನ ನಾಲ್ಕು ಮಂದಿ ಹಿರಿಯರು ನಮ್ಮಿಂದ ಒಂದು ಅರ್ಜಿಯನ್ನು ಬರೆಯಿಸಿದರು. ಅಕ್ಷರವು ದುಂಡಗಿದೆಯೆಂಬ ತಪ್ಪಿಗೆ ಅದನ್ನು ಹೊತ್ತು ತಿರುಗುವ ಕೆಲಸವೂ ನಮ್ಮದೇ ಆಯಿತು. ಮೊದಲನೆಯ ಕಚೇರಿಯವರು, ಒಡ್ಡು ಮತ್ತು ತೂಬು ನಮ್ಮವು, ಅಂಗಳದ ನೆಲವು ನಮ್ಮದಲ್ಲ ಎಂದರು. ಎರಡನೆಯವರು, ನೆಲವು ದಾಖಲೆಯಲ್ಲಿ ನಮ್ಮದೇ, ಆದರೆ ಅಳತೆಯಾಗದೆ ಒತ್ತುವರಿಯೆನ್ನಲಾಗದು ಎಂದರು. ಮೂರನೆಯವರು ಮೀನಿನ ಗುತ್ತಿಗೆಯನ್ನು ಮಾತ್ರ ಬಲ್ಲರು. ನಾಲ್ಕನೆಯವರು ಬಹು ಸೌಜನ್ಯದಿಂದ ಕುಳ್ಳಿರಿಸಿ ಚಹ ಕೊಟ್ಟು, ಹಕ್ಕಿಗೆ ಗುಂಡು ಹೊಡೆದರೆ ತಿಳಿಸಿರಿ, ಕೂಡಲೇ ಬರುವೆವು ಎಂದರು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಲಂಚ ಕೇಳಲಿಲ್ಲ. ನೀರು ಒಬ್ಬರದು, ನೆಲ ಒಬ್ಬರದು, ಮೀನು ಒಬ್ಬರದು, ಹಕ್ಕಿ ಒಬ್ಬರದು. ಕೆರೆ ಯಾರದು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಲಿಲ್ಲ.

ಇದರಲ್ಲಿ ವಿಜ್ಞಾನದ ಒಂದು ತೊಡಕೂ ಇದೆ. ಅದನ್ನು ಮುಚ್ಚಿಡುವದು ಸರಿಯಲ್ಲ. ಹೂಳೆತ್ತಿ ಕೆರೆಯನ್ನು ಆಳ ಮಾಡಿದರೆ ನೀರು ಹೆಚ್ಚು ನಿಲ್ಲುವದು, ಬಾವಿಗಳ ಸೆಲೆಯು ಚೇತರಿಸುವದು. ನಮ್ಮ ಮನೆಗಳ ಹೆಂಗಸರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ಯಂತ್ರವನ್ನಿಳಿಸಿ ನಾಲ್ಕು ಕಡೆಗೂ ಬಾವಿಯ ಗೋಡೆಯಂತೆ ಕಡಿದಾಗಿ ತೋಡಿದರೆ, ಮೊಣಕಾಲುದ್ದದ ನೀರಿನಲ್ಲಿ ಕಾಲೂರಿ ಮೇಯುವ ಹಕ್ಕಿಗೂ ಅಂಚಿನ ಜೊಂಡಿಗೂ ನೆಲೆಯು ತಪ್ಪುವದು. ದನಗಳು ನೀರಿಗಿಳಿಯುವ ಇಳುಕಲೂ ಹೋಗುವದು. ನಡುವೆ ಆಳ, ಅಂಚಿಗೆ ಇಳಿಜಾರು ಎಂಬ ಸಾಮಾನ್ಯ ವಿವೇಕದಿಂದ ಎರಡೂ ಸಾಧ್ಯ. ಅದಕ್ಕಾಗಿ ಇಂಜಿನಿಯರರೂ ಪಕ್ಷಿಶಾಸ್ತ್ರಜ್ಞರೂ ಹೂಳೆತ್ತುವ ಮೊದಲೇ ಒಂದೆಡೆ ಕುಳಿತುಕೊಳ್ಳಬೇಕು. ತೂಬಿನ ಲೆಕ್ಕವೂ ಹೀಗೆಯೇ: ರೈತನಿಗೆ ನೀರು ಹಿಂಗಾರಿ ಬೆಳೆಗೆ ಬೇಕು, ಗುತ್ತಿಗೆದಾರನಿಗೆ ಮೀನು ಬಲಿಯುವ ತನಕ ಬೇಕು, ಹೆಬ್ಬಾತಿಗೆ ಮಾರ್ಚಿಯ ತನಕ ಬೇಕು.

ವನ್ಯಜೀವಿ ಶಾಸನಕ್ಕೆ ೨೦೦೨ರಲ್ಲಿ ತಂದ ತಿದ್ದುಪಡಿಯಿಂದ, ಊರವರನ್ನು ಕೇಳಿ ಸರಕಾರದ ನೆಲವನ್ನು ಸಂರಕ್ಷಿತ ಮೀಸಲೆಂದು ಸಾರುವ ಅಧಿಕಾರವು ರಾಜ್ಯಕ್ಕೆ ಬಂದಿತು. ಮಾಗಡಿಯೂ ಅಂಕಸಮುದ್ರವೂ ಆ ಬಗೆಯವೇ. ಮೀಸಲಿನ ಸಮಿತಿಯಲ್ಲಿ ಅರಣ್ಯದವರು, ಗ್ರಾಮ ಪಂಚಾಯತಿಯವರು, ಸೇವಾಸಂಸ್ಥೆಗಳ ಮೂವರು, ಕೃಷಿ ಮತ್ತು ಪಶುಸಂಗೋಪನೆಯ ಖಾತೆಗಳವರು ಇರಬೇಕೆಂದು ಶಾಸನವು ಹೇಳುತ್ತದೆ. ತೂಬಿನ ಕೀಲಿಕೈ ಹಿಡಿದ ನೀರಾವರಿ ಖಾತೆಯವರ ಹೆಸರು ಆ ಸಾಲಿನಲ್ಲಿಲ್ಲ! ಅಡಿಗೆಯ ಸಮಿತಿಯಲ್ಲಿ ಒಲೆಯೊಡತಿಯನ್ನು ಬಿಟ್ಟಂತೆ ಇದು ನಮಗೆ ತೋರುತ್ತದೆ. ೨೦೧೭ರ ನಿಯಮಗಳಂತೆ ರಾಜ್ಯಕ್ಕೊಂದು ಪ್ರಾಧಿಕಾರವುಂಟು. ಅದರಲ್ಲಿ ನೀರಾವರಿ, ಮೀನುಗಾರಿಕೆ, ಕಂದಾಯ ಖಾತೆಗಳಿಗೂ ಸ್ಥಾನವಿದೆ. ಆದರೆ ಅದು ರಾಜಧಾನಿಯಲ್ಲಿ ಕೂಡುವದು. ಮಣ್ಣು ಬೀಳುವದು ಹಳ್ಳಿಯಲ್ಲಿ. ಸುಪ್ರೀಂ ಕೋರ್ಟು ೨೦೧೭ರ ಫೆಬ್ರುವರಿಯಲ್ಲಿ, ಉಪಗ್ರಹಗಳ ಚಿತ್ರದಿಂದ ಗುರುತಿಸಿದ, ೨.೨೫ ಹೆಕ್ಟೇರಿಗಿಂತ ದೊಡ್ಡವಾದ ೨,೦೧,೫೦೩ ಜೌಗುನೆಲಗಳನ್ನು ಕಾಪಾಡಬೇಕೆಂದು ಆಜ್ಞೆ ಮಾಡಿತು. ಆ ಗಣತಿಯಲ್ಲಿ ಕಟ್ಟಿದ ಕೆರೆಗಳೂ ಸೇರಿವೆ. ಆಕಾಶದಿಂದ ನೋಡಿದ ಕಣ್ಣಿಗೆ ಕೆರೆಯು ಕೆರೆಯಾಗಿಯೇ ಕಂಡಿತು, ನೆಲದ ಮೇಲಿನ ನಿಯಮಕ್ಕೆ ಕಾಣಲಿಲ್ಲ.

ಸರಕಾರಗಳು ಕೂಡಿ ಕೆಲಸ ಮಾಡಲಾರವೆಂಬುದನ್ನು ಮಾತ್ರ ಈ ಸೀಮೆಯವರಾದ ನಾವು ಒಪ್ಪುವದಿಲ್ಲ. ತಳಕಲ್ಲು ನಿಜಾಮರ ಸಂಸ್ಥಾನದಲ್ಲಿಯೂ ಗದಗು ಮುಂಬಯಿ ಪ್ರಾಂತದಲ್ಲಿಯೂ ಇದ್ದ ಕಾಲದಲ್ಲಿಯೇ, ೧೯೪೫ರಲ್ಲಿ, ಹೈದರಾಬಾದು ಸಂಸ್ಥಾನವೂ ಮದ್ರಾಸು ಪ್ರಾಂತವೂ ಸೇರಿ ತುಂಗಭದ್ರೆಗೆ ಅಣೆಕಟ್ಟಿನ ಕೆಲಸವನ್ನು ತೊಡಗಿದವು. ಒಡೆಯರು ಬೇರೆಯಾಗಿದ್ದರೂ ನದಿಯು ಒಂದೇ ಎಂಬ ತಿಳಿವು ಅವರಿಗಿದ್ದಿತು. ಅದೇ ಅಣೆಕಟ್ಟಿನ ಕೆಳಗೆ, ಮುದ್ಲಾಪುರದಿಂದ ಕಂಪ್ಲಿಯ ತನಕ ಸುಮಾರು ೩೪ ಕಿಲೋಮೀಟರು ಹೊಳೆಯನ್ನು ೨೦೧೫ರಲ್ಲಿ ನೀರುನಾಯಿಗಳಿಗಾಗಿ ಮೀಸಲಿಟ್ಟರು. ಅಂಕಸಮುದ್ರದಲ್ಲಿ ಅರಣ್ಯದವರು ಕೆರೆಯಂಗಳದಲ್ಲಿ ನೆಟ್ಟ ಕರಿಜಾಲಿಯ ಮರಗಳೇ ಇಂದು ಬಣ್ಣದ ಕೊಕ್ಕರೆಗಳಿಗೂ ಕರಿತಲೆಯ ಕೆಂಬರಲುಗಳಿಗೂ ಗೂಡಿನ ಆಸರೆಯಾಗಿವೆ; ಅಲ್ಲಿ ೩೦,೦೦೦ಕ್ಕೂ ಮಿಕ್ಕಿ ನೀರಹಕ್ಕಿಗಳು ನೆಲೆಸುತ್ತವೆ. ಹಣದ ಮಾತಿಗೂ ದಾರಿಯಿದೆ: ಜಲಪರಿಸರ ಸಂರಕ್ಷಣೆಯ ರಾಷ್ಟ್ರೀಯ ಯೋಜನೆಯಲ್ಲಿ ನಮ್ಮಂಥ ರಾಜ್ಯಗಳಿಗೆ ಕೇಂದ್ರವು ೧೦೦ರಲ್ಲಿ ೬೦, ರಾಜ್ಯವು ೪೦ ಹೊರುವ ಕ್ರಮವುಂಟು. ಕೊರತೆಯಿರುವದು ಜಿಲ್ಲೆಯ ಮಟ್ಟದಲ್ಲಿ ಆ ನಾಲ್ಕೂ ಕಚೇರಿಗಳನ್ನು ಒಂದೇ ಜಮಖಾನದ ಮೇಲೆ ಕೂಡಿಸುವ ಕೈಯಲ್ಲಿ.

ಪ್ರತಿ ಜನವರಿಯಲ್ಲಿ ಏಷ್ಯಾಖಂಡದ ನೀರಹಕ್ಕಿಗಳ ಎಣಿಕೆಯು ನಡೆಯುತ್ತದೆ, ೧೯೮೭ರಲ್ಲಿ ಮೊದಲಾದದ್ದು. ದುರ್ಬೀನು ಇದ್ದವರು, ಹಕ್ಕಿಯನ್ನು ಬಲ್ಲವರೊಬ್ಬರ ಸಂಗಡ, ಮಕ್ಕಳನ್ನೂ ಕರೆದುಕೊಂಡು ತಮ್ಮೂರ ಕೆರೆಗೆ ಹೋಗಿ ಎಣಿಸಬಹುದು. ಯಾವ ಕೆರೆಯಲ್ಲಿ ಎಷ್ಟು ಹಕ್ಕಿ ಎಂಬ ಅಂಕಿಯು ಬರವಣಿಗೆಯಲ್ಲಿದ್ದರೆ ಅರ್ಜಿಗೆ ತೂಕ ಬರುವದೆಂದು ಆ ಚಹ ಕೊಟ್ಟ ಅಧಿಕಾರಿಯೇ ನಮಗೆ ಹೇಳಿದರು. ನಾವು ಎಣಿಸಿ ಕೊಟ್ಟಿದ್ದೇವೆ. ಈಗ ಅಂಕಿಯ ಸಂಗಡ ಕೆರೆಯ ಸರ್ವೆ ನಕಾಶೆಯ ಪ್ರತಿಯೂ ಬೇಕಂತೆ. ಅದು ಎರಡನೆಯ ಕಚೇರಿಯಲ್ಲಿದೆ. ಸೋಮವಾರ ಅಲ್ಲಿಗೆ ಹೋಗುವವರಿದ್ದೇವೆ.