ಓಟದ ಪುಸ್ತಕವನ್ನು ಕೊಳ್ಳುವ ಮೊದಲು

ನಾನು ವೈದ್ಯನಲ್ಲ, ಕ್ರೀಡಾ ಶಿಕ್ಷಕನೂ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿ, ಇಪ್ಪತ್ತು ವರ್ಷಗಳಿಂದ ಅನ್ಯರ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತ ಬಂದವನು. ಆದರೂ ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ನಾಲ್ಕು ಮಾತು ಬರೆಯುವ ಸಾಹಸ ಮಾಡಿದ್ದೇನೆ. 2004ರಲ್ಲಿ ಮುಂಬಯಿ ಮ್ಯಾರಥಾನ್ ಆರಂಭವಾದಂದಿನಿಂದ ನಮ್ಮ ಬಾಂಧವರಲ್ಲಿಯೂ ಓಟದ ಆಸಕ್ತಿ ಹಬ್ಬಿದೆ. ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿಯೋ ವರ್ಲಿಯ ಕಡಲ ದಂಡೆಯಲ್ಲಿಯೋ ಮುಂಜಾನೆ ನಿಂತರೆ ಒಂದೆರಡು ಕನ್ನಡದ ಮಾತು ಕಿವಿಗೆ ಬೀಳದೆ ಇರದು. ಸಂತೋಷದ ಸಂಗತಿಯೇ. ಆದರೆ ಓಡತೊಡಗಿದ ತಿಂಗಳೊಳಗೆ ಎಲ್ಲರೂ ಕೇಳುವ ಪ್ರಶ್ನೆ, "ಯಾವ ಪುಸ್ತಕ ಓದಬೇಕು?" ಎಂಬುದು. ಈ ಪ್ರಶ್ನೆಗೆ ತಪ್ಪು ಉತ್ತರ ಪಡೆದು ಕಷ್ಟಪಟ್ಟವನು ನಾನು.

ನನ್ನ ತಂದೆಯವರು ಕೋಟೆಯ ಒಂದು ಕ್ಯಾಂಟೀನಿನಲ್ಲಿ ದುಡಿಯುತ್ತ, ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದವರು. ಐವತ್ತೆರಡನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ನನಗೆ ನಲವತ್ತಮೂರು ತುಂಬಿದಾಗ ರಕ್ತದೊತ್ತಡದ ಅಂಕೆ ಕಂಡು ಭಯವಾಗಿ ಓಟ ಹಿಡಿದೆ. ಪರಿಚಿತರೊಬ್ಬರು ನಾಲ್ಕು ಹಾಳೆಗಳ ಜೆರಾಕ್ಸ್ ಪ್ರತಿಯನ್ನು ಕೊಟ್ಟರು. ಮೇಲೆ "ಲಿಡಿಯಾರ್ಡ್ ಪದ್ಧತಿ" ಎಂಬ ತಲೆಬರಹ, ಕೆಳಗೆ ದಿನವಾರು ಕೋಷ್ಟಕ: ಇಂದು ಗುಡ್ಡದ ಓಟ, ನಾಳೆ ವೇಗದ ಸುತ್ತುಗಳು. ಬ್ಯಾಂಕಿನವನಿಗೆ ಕೋಷ್ಟಕವೆಂದರೆ ವೇದವಾಕ್ಯ, ಅಕ್ಷರಶಃ ಪಾಲಿಸಿದೆ. ಏಳನೆಯ ವಾರದಲ್ಲಿ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಸಣ್ಣ ಬಿರುಕು. ಎರಡು ತಿಂಗಳು ಕುಂಟುತ್ತ ವಿರಾರ್ ಲೋಕಲ್ ಹತ್ತಿದೆ. ಆ ಗಾಡಿಯನ್ನು ಎರಡು ಕಾಲು ನೆಟ್ಟಗಿರುವವರು ಹತ್ತುವುದೇ ಕಷ್ಟ.

ಮನೆಯಲ್ಲಿ ಕುಳಿತ ಆ ದಿನಗಳಲ್ಲಿಯೇ ಮೂಲ ಗ್ರಂಥಗಳನ್ನು ತರಿಸಿ ಓದಿದೆ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ (1917–2004) ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತ, ತನ್ನ ದೇಹದ ಮೇಲೆಯೇ ಪ್ರಯೋಗ ನಡೆಸಿ ಪದ್ಧತಿಯನ್ನು ರೂಪಿಸಿದವರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್ ಓಟದಲ್ಲಿಯೂ ಮರ್ರೆ ಹಾಲ್ಬರ್ಗ್ 5000 ಮೀಟರ್ ಓಟದಲ್ಲಿಯೂ ಒಂದೇ ದಿನ ಚಿನ್ನ ಗೆದ್ದರು. ಬ್ಯಾರಿ ಮೆಗೀ ಮ್ಯಾರಥಾನಿನಲ್ಲಿ ಕಂಚು ಪಡೆದರು. ಎರಡೇ ನಿಮಿಷದೊಳಗೆ ಮುಗಿಯುವ 800 ಮೀಟರ್ ಓಟಕ್ಕೆ ಸಿದ್ಧವಾಗಲು ಸ್ನೆಲ್ ವಾರಕ್ಕೆ ನೂರು ಮೈಲಿ, ಅಂದರೆ 160 ಕಿಲೋಮೀಟರು, ಓಡಿದ್ದರೆಂದರೆ ಯಾರಿಗಾದರೂ ಅಚ್ಚರಿಯಾದೀತು.

ಗುಟ್ಟು ಇರುವುದು ಅಲ್ಲಿಯೇ. ಮೊದಲ ತಿಂಗಳುಗಳೆಲ್ಲ ಏದುಸಿರಿಲ್ಲದ ದೀರ್ಘ ಓಟ. ಅದರಿಂದ ಹೃದಯವೂ ಸ್ನಾಯುಗಳ ಸೂಕ್ಷ್ಮ ರಕ್ತನಾಳಗಳೂ ಬಲಗೊಳ್ಳುತ್ತವೆ. ಅನಂತರ ಕೆಲವು ವಾರ ಗುಡ್ಡದ ಓಟ. ಕಡೆಯಲ್ಲಿ ಮಾತ್ರ, ಅದೂ ಸುಮಾರು ಒಂದು ತಿಂಗಳು, ಉಸಿರುಗಟ್ಟಿಸುವ ವೇಗ. ಶರೀರಶಾಸ್ತ್ರಜ್ಞರು ಈ ಕೊನೆಯದನ್ನು "ಆಮ್ಲಜನಕದ ಸಾಲ" ಎಂದು ಕರೆದರು. ಈ ಪದವನ್ನು ಓದಿದಾಗ ನನಗೆ ಎಲ್ಲವೂ ತಿಳಿಯಿತು. ಠೇವಣಿಯೇ ಇಲ್ಲದ ಖಾತೆಯಿಂದ ನಾನು ಓವರ್‌ಡ್ರಾಫ್ಟ್ ಎತ್ತಿದ್ದೆ! ಜೆರಾಕ್ಸಿನ ನಾಲ್ಕು ಹಾಳೆಗಳು ಪದ್ಧತಿಯ ಕೊನೆಯ ಅಧ್ಯಾಯ ಮಾತ್ರ; ಹಿಂದಿನ ಅಧ್ಯಾಯಗಳನ್ನು ಯಾರೂ ಪ್ರತಿ ತೆಗೆದಿರಲಿಲ್ಲ.

ಇನ್ನು ಪುಸ್ತಕಗಳ ಮಾತು. ಲಿಡಿಯಾರ್ಡರ ಬಹುತೇಕ ಗ್ರಂಥಗಳು ಪತ್ರಕರ್ತ ಗಾರ್ತ್ ಗಿಲ್ಮೋರರ ಸಹಯೋಗದಲ್ಲಿ ಬಂದವು. ಹೆಸರುಗಳು ಒಂದನ್ನೊಂದು ಹೋಲುವುದರಿಂದ ಎಚ್ಚರ ಬೇಕು. "ರನ್ ಟು ದ ಟಾಪ್" 1962ರದು; "ರನ್ನಿಂಗ್ ಟು ದ ಟಾಪ್" 1990ರ ದಶಕದ ಬೇರೆಯೇ ಕೃತಿ. ಮೊದಲನೆಯದು ಚರಿತ್ರೆಯಾಗಿ ರೋಚಕ, ಆದರೆ ಅದರ ಮೈಲಿಗಳ ಲೆಕ್ಕ ಇಪ್ಪತ್ತರ ಹರೆಯದ ಒಲಿಂಪಿಕ್ ಓಟಗಾರರದು. ಕಾದಂಬರಿಯಂತೆ ಓದಿ ಬದಿಗಿಡುವುದು ಲೇಸು. ನನ್ನ ಆಯ್ಕೆ 1983ರ "ರನ್ನಿಂಗ್ ವಿತ್ ಲಿಡಿಯಾರ್ಡ್". ಅದರಲ್ಲಿ "ಏಕೆ" ಎಂಬುದರ ವಿವರಣೆ ಮೊದಲು, ಕೋಷ್ಟಕ ಅನಂತರ; ಓಟದ ಅಳತೆಯೂ ಬಹುಮಟ್ಟಿಗೆ ಮೈಲಿಯಲ್ಲಲ್ಲ, ಗಂಟೆ ನಿಮಿಷಗಳಲ್ಲಿ. ನಮ್ಮೂರಿನ ಸೆಕೆಗೆ ಇದು ಹೇಳಿ ಮಾಡಿಸಿದಂತಿದೆ. ಆಕ್ಲೆಂಡಿನ ತಂಪಿನಲ್ಲಿ ಓಡಿದ ವೇಗವನ್ನು ಮೇ ತಿಂಗಳ ಕಾಂದಿವಲಿಯಲ್ಲಿ ಅರಸಿದರೆ ಆಪತ್ತು; ಒಂದು ಗಂಟೆಯ ಓಟ ಮಾತ್ರ ಎಲ್ಲಿಯೂ ಒಂದು ಗಂಟೆಯೇ. ಸ್ಪರ್ಧೆಯ ಹಂಬಲವಿಲ್ಲದವರಿಗೆ ಅದೇ ವರ್ಷದ "ಜಾಗಿಂಗ್ ವಿತ್ ಲಿಡಿಯಾರ್ಡ್" ಸಾಕು.

ಒಂದು ತಕರಾರೂ ಉಂಟು. ಸ್ನಾಯುಗಳ ಲ್ಯಾಕ್ಟಿಕ್ ಆಮ್ಲವನ್ನು ಆ ಕಾಲದ ಪುಸ್ತಕಗಳು ವಿಷವೆಂಬಂತೆ ಬಣ್ಣಿಸುತ್ತವೆ. ಲ್ಯಾಕ್ಟೇಟನ್ನು ದೇಹವು ಇಂಧನವಾಗಿಯೂ ಬಳಸುತ್ತದೆಂಬುದು ಈಗ ಸಿದ್ಧವಾದ ಸಂಗತಿ. ಕಾರಣ ಹಳತಾದರೂ ಕ್ರಮ ಕೆಟ್ಟಿಲ್ಲ. ಹೊಸ ವಿವರಣೆ ಬೇಕೆನ್ನುವವರು ಕೀತ್ ಲಿವಿಂಗ್‌ಸ್ಟನ್ನರ "ಹೆಲ್ತಿ ಇಂಟೆಲಿಜೆಂಟ್ ಟ್ರೇನಿಂಗ್" ಓದಬಹುದು.

ಲಿಡಿಯಾರ್ಡರು ಪದಕಗಳಿಗಾಗಿ ಮಾತ್ರ ಓಡಿಸಿದವರಲ್ಲವೆಂಬುದನ್ನು ನಮ್ಮವರು ಅಷ್ಟಾಗಿ ಅರಿಯರು. 1960ರ ದಶಕದ ಆರಂಭದಲ್ಲಿ ಆಕ್ಲೆಂಡಿನ ನಡುವಯಸ್ಸಿನ ವ್ಯವಹಾರಸ್ಥರನ್ನೂ ಹೃದ್ರೋಗಿಗಳನ್ನೂ ಮೆಲ್ಲಗೆ ಓಡಿಸಿದವರೂ ಅವರೇ. ಅಮೆರಿಕದ ಬಿಲ್ ಬೋವರ್‌ಮನ್ ಅದನ್ನು ಕಣ್ಣಾರೆ ಕಂಡು ಹೋಗಿ, 1967ರಲ್ಲಿ ಹೃದಯತಜ್ಞರೊಬ್ಬರೊಡನೆ "ಜಾಗಿಂಗ್" ಎಂಬ ಪುಸ್ತಕ ಬರೆದರು. ದಿನಕ್ಕೆ ಮೂರು ಗಂಟೆ ರೈಲಿನಲ್ಲಿ ನಿಂತು, ಎಂಟು ಗಂಟೆ ಕುರ್ಚಿಯಲ್ಲಿ ಕುಳಿತು ಬಾಳುವ ನಮಗೆ ರೋಮಿನ ಲಿಡಿಯಾರ್ಡರಿಗಿಂತ ಈ ಲಿಡಿಯಾರ್ಡರೇ ಹತ್ತಿರದವರು. ನಲವತ್ತು ದಾಟಿದವರು, ವಿಶೇಷವಾಗಿ ಮನೆತನದಲ್ಲಿ ಹೃದ್ರೋಗವುಳ್ಳವರು, ಪುಸ್ತಕದಂಗಡಿಗೆ ಹೋಗುವ ಮೊದಲು ವೈದ್ಯರಲ್ಲಿಗೆ ಹೋಗತಕ್ಕದ್ದು. ಆ ಪರೀಕ್ಷೆಗೆ ಯಾವ ಗ್ರಂಥವೂ ಬದಲಿಯಲ್ಲ.

ಕೋಟೆಯ ಸ್ಟ್ರ್ಯಾಂಡ್ ಬುಕ್ ಸ್ಟಾಲ್ 2018ರಲ್ಲಿ ಮುಚ್ಚಿದ ಮೇಲೆ ಇಂಥ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ ಕೊಳ್ಳುವ ಸುಖ ನನ್ನ ಪಾಲಿಗೆ ಕಡಿಮೆಯಾಗಿದೆ. ಆದುದರಿಂದ ನನ್ನ "ರನ್ನಿಂಗ್ ವಿತ್ ಲಿಡಿಯಾರ್ಡ್" ಪ್ರತಿಯನ್ನು ಸಂಘದ ವಾಚನಾಲಯಕ್ಕೆ ಒಪ್ಪಿಸಿದ್ದೇನೆ. ಹಿಂಬದಿಯ ಕೋಷ್ಟಕಗಳ ಪುಟಗಳನ್ನು ಹರಿದಿಲ್ಲ; ಒಟ್ಟು ಸೇರಿಸಿ ಬ್ಯಾಂಕಿನ ಪಿನ್ ಹೊಡೆದಿದ್ದೇನೆ. ಮುಂದಿನ ಅಧ್ಯಾಯಗಳನ್ನು ಓದಿ ಮುಗಿಸಿದವರು ಬಿಚ್ಚಿಕೊಳ್ಳಬಹುದು.