ಕುಣಿತಕ್ಕೆ ಕುಲಗೋತ್ರವೇಕೆ?

ಕಳೆದ ಶ್ರಾವಣದಲ್ಲಿ ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ನಡೆದ ಒಂದು ಸಣ್ಣ ಸಂಗತಿಯೇ ಈ ಲೇಖನಕ್ಕೆ ಕಾರಣ. ನಾನು ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನಿನ ಒಂದು ತುದಿಯನ್ನು ಮಿತ್ರನೊಬ್ಬನು ಕಿತ್ತು ತನ್ನ ಕಿವಿಗೆ ಇಟ್ಟುಕೊಂಡನು. ಎರಡು ಕ್ಷಣ ಕೇಳಿದನು. ಆಮೇಲೆ ಹಳಸಿದ ಅನ್ನದ ಪಾತ್ರೆಯ ಮುಚ್ಚಳ ತೆಗೆದವನಂತೆ ಮುಖಮಾಡಿ, “ಏನೋ, ಇನ್ನೂ ಟ್ರಾನ್ಸ್ ಕೇಳ್ತಾ ಇದ್ದೀಯಾ? ಅದೆಲ್ಲ ಮುಗಿದುಹೋಯ್ತಲ್ಲೋ! ಈಗ ಏನಿದ್ದರೂ ಆಫ್ರೋ ಹೌಸ್” ಎಂದನು. ಸುತ್ತ ಕುಳಿತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕದ್ದಲ್ಲದೆ, ಅದು ನನ್ನ ಆಯ್ಕೆಯಲ್ಲ, ತಂಗಿ ಹಾಕಿಟ್ಟದ್ದು ಎಂದು ಒಂದು ಸುಳ್ಳನ್ನೂ ಹೇಳಿದೆ. ನನ್ನ ತಂಗಿಗೆ ಭಾವಗೀತೆಗಳ ಹೊರತು ಬೇರೆ ಯಾವುದೂ ರುಚಿಸದು.

ಕದ್ದ ಮಾಲಿನ ಬಗ್ಗೆ ಸುಳ್ಳು ಹೇಳುವುದುಂಟು. ಕೇಳಿದ ಹಾಡಿನ ಬಗ್ಗೆ ಸುಳ್ಳು ಹೇಳಬೇಕಾದ ಸ್ಥಿತಿ ನನಗೇಕೆ ಬಂದಿತು? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಮ್ಮ ಗುರುವರ್ಯರಲ್ಲಿ ಹಲವರಿಗೆ ಈ ಹೆಸರುಗಳು ಅಪರಿಚಿತವಾಗಿರಬಹುದಾದ್ದರಿಂದ ಎರಡು ಮಾತು. ಕ್ಲಬ್ಬುಗಳಲ್ಲಿ ಡಿಜೆಗಳು ನುಡಿಸುವ ಯಾಂತ್ರಿಕ ನೃತ್ಯಸಂಗೀತ ಹೊರಗಿನವರಿಗೆ ಒಂದೇ ಗದ್ದಲವಾಗಿ ಕೇಳಿಸಿದರೂ ಅದರೊಳಗೆ ಹತ್ತಾರು ಪ್ರಭೇದಗಳಿವೆ. ಮುಖ್ಯ ಭೇದ ನಡಿಗೆಯಲ್ಲಿದೆ. ಹೌಸ್ ಎಂಬುದು ನಿಮಿಷಕ್ಕೆ ಸುಮಾರು 120ರಿಂದ 128 ಪೆಟ್ಟಿನ ವೇಗದಲ್ಲಿ ನಡೆಯುತ್ತದೆ. ಟೆಕ್ನೊ ಅದಕ್ಕಿಂತ ಕೊಂಚ ಬಿರುಸು. ಟ್ರಾನ್ಸ್ 138ರ ಆಸುಪಾಸು. ಗೋವೆಯ ಕಡಲತೀರದಲ್ಲಿ ಬೆಳೆದ ಸೈ-ಟ್ರಾನ್ಸ್ 145ರ ಸುತ್ತಮುತ್ತ. ಡ್ರಮ್ ಅಂಡ್ ಬೇಸ್ ಎಂಬುದು 170ನ್ನು ದಾಟುವ ನಾಗಾಲೋಟ. ನಡೆಯ ಜೊತೆಗೆ ಧ್ವನಿಯ ಬಣ್ಣ, ಏರಿಳಿತ, ಮೌನಗಳ ಭೇದಗಳೂ ಉಂಟು. ವಿಲಂಬಿತ, ದ್ರುತಗಳನ್ನು ಬಲ್ಲ ನಮ್ಮವರಿಗೆ ಇದು ಅರ್ಥವಾಗದ ವಿಷಯವಲ್ಲ.

ಈ ಪ್ರಭೇದಗಳ ಪೈಕಿ ಇಂದು ಮೆರೆಯುವುದು ನಾಳೆ ಮೂಲೆ ಸೇರುತ್ತದೆ. ಗೋವೆಯಲ್ಲಿ 2007ರಲ್ಲಿ ಸನ್‌ಬರ್ನ್ ಉತ್ಸವ ಆರಂಭವಾದ ಕಾಲಕ್ಕೆ ನಮ್ಮ ಅಣ್ಣಂದಿರಿಗೆ ಟ್ರಾನ್ಸೇ ದೇವರು. 2010ರಲ್ಲಿ ಅಮೆರಿಕದ ಸ್ಕ್ರಿಲೆಕ್ಸನ ಧ್ವನಿಮುದ್ರಿಕೆ ಬಂದಮೇಲೆ ಗರಗಸದಂತೆ ಕೊರೆಯುವ ಡಬ್‌ಸ್ಟೆಪ್ಪಿಗೆ ಪಟ್ಟ ಕಟ್ಟಿದರು. 2013ರಲ್ಲಿ ಹಾಲೆಂಡಿನ ಹದಿನೇಳರ ಹುಡುಗ ಮಾರ್ಟಿನ್ ಗ್ಯಾರಿಕ್ಸನ ‘ಅನಿಮಲ್ಸ್’ ಬಂದಿತು, ಬಿಗ್ ರೂಮ್ ಎಂಬ ಆರ್ಭಟ ಬಂದಿತು. ಅದರ ದಣಿವಾರಿಸಲೆಂಬಂತೆ ಡೀಪ್ ಹೌಸ್. ಅದು ಸಪ್ಪೆಯಾಯಿತೆಂದು ಮೆಲೋಡಿಕ್ ಟೆಕ್ನೊ. 2020ರ ಲಾಕ್‌ಡೌನಿನಲ್ಲಿ ಮನೆಯೊಳಗೆ ಕೊಳೆತವರು ಹೊರಬಂದಮೇಲೆ ಹಾರ್ಡ್ ಟೆಕ್ನೊ. ಈಗ ಆಫ್ರೋ ಹೌಸ್. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಸುಮ್ಮನಾಗಬಹುದಾಗಿತ್ತು. ಆದರೆ ಪ್ರತಿಯೊಂದು ಪಟ್ಟಾಭಿಷೇಕದ ಜೊತೆಗೆ ಹಿಂದಿನದನ್ನು ಕೇಳುತ್ತಿದ್ದವರಿಗೆ ಒಂದು ಬಹಿಷ್ಕಾರವೂ ನಡೆಯುತ್ತದೆ. ನನ್ನ ತಕರಾರು ಅದರ ಮೇಲೆ.

ರುಚಿ ಬದಲಾಯಿತೆಂದರೆ ಕಿವಿ ಸುಸಂಸ್ಕೃತವಾಯಿತೆಂದು ನನ್ನ ಮಿತ್ರರು ಭಾವಿಸುತ್ತಾರೆ. ನನಗೆ ತೋರುವಂತೆ, ನಮ್ಮ ಬೆಂಗಳೂರಿನಲ್ಲಿ ಈ ಬದಲಾವಣೆಗಳಲ್ಲಿ ಅರ್ಧಪಾಲನ್ನು ಮಾಡಿದ್ದು ಕಿವಿಯಲ್ಲ, ಗೋಡೆಯ ಗಡಿಯಾರ. ಬಹುಕಾಲ ಇಲ್ಲಿಯ ಪಬ್ಬುಗಳು ರಾತ್ರಿ ಹನ್ನೊಂದೂವರೆಗೆ ಬಾಗಿಲು ಹಾಕಬೇಕಾಗಿತ್ತು. ಕಚೇರಿ ಬಿಟ್ಟು, ಹೆಬ್ಬಾಳದ ಮೇಲ್ಸೇತುವೆಯನ್ನೋ ಸಿಲ್ಕ್ ಬೋರ್ಡನ್ನೋ ದಾಟಿ, ಒಬ್ಬನು ಕ್ಲಬ್ಬು ಸೇರುವಾಗ ಒಂಬತ್ತೂವರೆ. ಮಿಕ್ಕಿದ್ದು ಎರಡು ಗಂಟೆ. ಟ್ರಾನ್ಸ್ ಎಂಬುದೋ ಬಲು ನಿಧಾನವಾಗಿ ಮೆಟ್ಟಿಲೇರುವ ಸಂಗೀತ. ಒಬ್ಬನೇ ಡಿಜೆ ನಾಲ್ಕೈದು ಗಂಟೆ ನುಡಿಸಿದರೆ ಅದರ ಸೊಗಸು. ಎರಡು ಗಂಟೆಯಲ್ಲಿ ಅದು ಮೊದಲ ಮೆಟ್ಟಿಲನ್ನೂ ದಾಟದು. ನಿಮಿಷಕ್ಕೊಮ್ಮೆ ಸಿಡಿಲು ಹೊಡೆಯುವ ಬಿಗ್ ರೂಮ್‌ಗೆ ಎರಡು ಗಂಟೆ ಧಾರಾಳ. ಇಡೀ ರಾತ್ರಿಯ ಯಕ್ಷಗಾನ ಮೂರು ಗಂಟೆಯ ಕಾಲಮಿತಿ ಪ್ರಯೋಗವಾದಾಗ ಯಾವ ಪದ್ಯಗಳು ಉಳಿದವು, ಯಾವುವು ಬಿದ್ದುಹೋದವು ಎಂಬುದನ್ನು ಕರಾವಳಿಯಿಂದ ಬಂದ ನಮ್ಮ ಸಹಪಾಠಿಗಳನ್ನು ಕೇಳಿದರೆ ನನ್ನ ಮಾತು ಇನ್ನಷ್ಟು ಸ್ಪಷ್ಟವಾದೀತು.

ಕಾನೂನಿನ ಕೈಯೂ ಇದರಲ್ಲಿದೆ. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿ ಕೊಡುವ ಬಗ್ಗೆ 2005ರಲ್ಲಿ ಬೆಂಗಳೂರಿಗೆಂದು ಒಂದು ಆಜ್ಞೆ ಹೊರಟಿತು. ಲೈವ್ ಬ್ಯಾಂಡುಗಳ ಜೊತೆಗೆ ಡಿಸ್ಕೊಥೆಕ್ಕುಗಳೂ ಅದರ ವ್ಯಾಪ್ತಿಗೆ ಬಂದವು. 2008ರ ಸುಮಾರಿಗೆ ಅದನ್ನು ಬಿಗಿಯಾಗಿ ಜಾರಿಗೆ ತಂದಾಗ ಪರವಾನಗಿ ಇಲ್ಲದ ಪಬ್ಬುಗಳಲ್ಲಿ ಕುಣಿಯುವುದೇ ಅಪರಾಧವಾಯಿತು. ಸರ್ವೋಚ್ಚ ನ್ಯಾಯಾಲಯವು 2018ರ ಜನವರಿಯಲ್ಲಿ ಈ ಆಜ್ಞೆಯನ್ನು ಎತ್ತಿಹಿಡಿಯಿತು. ಕುಣಿಯುವಂತಿಲ್ಲವೆಂದರೆ ಸಂಗೀತವೇನು ಮಾಡಬೇಕು? ಒಂದು ಪಾಲು ಊರ ಹೊರಗಿನ ತೋಟಗಳಿಗೆ ಓಡಿತು. ಸೈ-ಟ್ರಾನ್ಸಿನವರ ಹಾದಿ ಅದು. ಇನ್ನೊಂದು ಪಾಲು ಕುರ್ಚಿಯ ಮೇಲೆ ಕುಳಿತಿತು. ತಲೆ ಅಲ್ಲಾಡಿಸುವುದಕ್ಕೆ ಪರವಾನಗಿ ಬೇಕಿಲ್ಲವಷ್ಟೆ! ಬೆಂಗಳೂರಿನ ಸಲ್ಕ್ ಸ್ಟೇಷನ್ ಎಂಬ ಜೋಡಿ 2012ರಲ್ಲಿ ಹೊರತಂದ ‘ಟಿಲ್ ಯು ಅಪಿಯರ್’ ಎಂಬ ಮುದ್ರಿಕೆಯನ್ನು ಕೇಳಿದವರಿಗೆ ಅದರ ಮಂದ್ರ, ಅದರ ನಿಧಾನ ನೆನಪಿರಬಹುದು. ಕುಣಿಸಲೊಲ್ಲದ ಅಂಥ ಸಂಗೀತಕ್ಕೆ ಕುಣಿಯಗೊಡದ ಊರಿನಲ್ಲಿ ಕೇಳುಗರು ದೊರೆತದ್ದು ಕೇವಲ ಆಕಸ್ಮಿಕವೆಂದು ನಾನು ನಂಬಲಾರೆ.

2014ರಲ್ಲಿ ವಾರಾಂತ್ಯಕ್ಕೆ, 2016ರಲ್ಲಿ ವಾರದ ಎಲ್ಲ ದಿನಗಳಿಗೆ, ಮುಚ್ಚುವ ವೇಳೆ ಒಂದು ಗಂಟೆಯವರೆಗೆ ಹೋಯಿತು. ಅದೇ 2016ರಲ್ಲಿ ಯಲಹಂಕ ದಾಟಿದ ಮೇಲೆ ಸಿಗುವ ಕುದುರೆ ಸವಾರಿ ಶಾಲೆಯ ಬಯಲಿನಲ್ಲಿ ಎಕೋಸ್ ಆಫ್ ಅರ್ಥ್ ಉತ್ಸವವೂ ಮೊದಲಾಯಿತು. ಹೊತ್ತೂ ಬಯಲೂ ಸಿಕ್ಕಮೇಲೆ ಉದ್ದುದ್ದವಾದ ಟೆಕ್ನೊ ಬೆಳೆಯದೆ ಇದ್ದೀತೆ? 2025ರಲ್ಲಿ ಕಾಫಿ ರೇವ್ ಎಂಬ ಹೊಸ ಹುಚ್ಚು ಹಬ್ಬಿತು; ಬೆಳಗಿನ ಹೊತ್ತು ಕಾಫಿ ಅಂಗಡಿಯಲ್ಲಿ ಡಿಜೆ! ಹಲ್ಲುಜ್ಜಿ ಬಂದವನ ಮುಂದೆ ಗರಗಸ ಎಳೆಯಲಾದೀತೆ? ಅಲ್ಲಿ ಮೃದುವಾದ ಹೌಸೇ ಆಗಬೇಕು.

ಇನ್ನು ಹೆಸರುಗಳ ಮಾತು. ಅಂಗಡಿಯವನು ಒಂದು ಹೊಸ ಕಪಾಟು ಇಟ್ಟು ಅದಕ್ಕೊಂದು ಚೀಟಿ ಅಂಟಿಸಿದರೆ ಒಂದು ಪ್ರಭೇದ ಹುಟ್ಟುತ್ತದೆ. ಡಿಜೆಗಳು ಹಾಡು ಕೊಳ್ಳುವ ಬೀಟ್‌ಪೋರ್ಟ್ ಎಂಬ ಅಂಗಡಿಯಲ್ಲಿ 2018ರಲ್ಲಿ ಮೆಲೋಡಿಕ್ ಹೌಸ್ ಮತ್ತು ಟೆಕ್ನೊ ಎಂಬ ಚೀಟಿ ಬಂದಿತು; ಅದಕ್ಕೆ ಮುಂಚೆ ಅಂಥ ಹಾಡುಗಳು ಇರಲಿಲ್ಲವೆಂದಲ್ಲ. ಚೀಟಿ ಇಲ್ಲದವನ ಪಾಡು ಏನೆಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಯಿದೆ. ಮುಂಬಯಿಯ ಚಲನಚಿತ್ರ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಚರಣಜಿತ್ ಸಿಂಗರು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿ ಒಂದು ತಟ್ಟೆ ಹೊರತಂದರು. ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆಯಿಂದ ಅವರು ಭೈರವಿಯನ್ನೂ ಯಮನ್ನನ್ನೂ ಹೊರಡಿಸಿದರು. ಯಾರೂ ಕೊಳ್ಳಲಿಲ್ಲ. ಬೇಸ್ ಗಿಟಾರಿನವನಿಗೆ ಬದಲಿಯೆಂದು ಮಾಡಿದ ಆ ಪೆಟ್ಟಿಗೆಯೂ ಮಾರುಕಟ್ಟೆಯಲ್ಲಿ ಸೋತು 1984ರಲ್ಲಿ ನಿಂತುಹೋಯಿತು. ಚಿಕಾಗೋದ ಫ್ಯೂಚರ್ ಎಂಬ ತಂಡ 1987ರಲ್ಲಿ ಅದೇ ಪೆಟ್ಟಿಗೆಯಿಂದ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರತಂದಾಗ ಜಗತ್ತು ಅದಕ್ಕೆ ಆ್ಯಸಿಡ್ ಹೌಸ್ ಎಂದು ನಾಮಕರಣ ಮಾಡಿ ಮೆರೆಸಿತು. ಸಿಂಗರ ತಟ್ಟೆ 2010ರಲ್ಲಿ ಮರುಮುದ್ರಣವಾದಮೇಲೆ ಪಂಡಿತರು ಬೆರಗಾದರು. ಹಿತ್ತಲ ಗಿಡ ಮದ್ದಲ್ಲ ಎಂಬುದು ಯಂತ್ರಸಂಗೀತಕ್ಕೂ ಸಲ್ಲುವ ಮಾತಾಯಿತು. ಪುಣ್ಯಕ್ಕೆ ಆಗಿನ್ನೂ ಅವರು ಬದುಕಿದ್ದರು, 2015ರಲ್ಲಿ ತೀರಿಕೊಂಡರು.

ಹಾಗೆ ನೋಡಿದರೆ ಒಂದು ಪ್ರಭೇದವನ್ನು ಹೀಯಾಳಿಸುವವರು ಅನೇಕ ವೇಳೆ ಹೀಯಾಳಿಸುವುದು ಆ ಸಂಗೀತವನ್ನಲ್ಲ, ಅದಕ್ಕೆ ಕುಣಿಯುವ ಜನರನ್ನು. 1979ರ ಜುಲೈ 12ರಂದು ಚಿಕಾಗೋದ ಕೊಮಿಸ್ಕಿ ಪಾರ್ಕಿನಲ್ಲಿ, ಎರಡು ಬೇಸ್‌ಬಾಲ್ ಪಂದ್ಯಗಳ ನಡುವೆ, ಪೆಟ್ಟಿಗೆಗಟ್ಟಲೆ ಡಿಸ್ಕೋ ತಟ್ಟೆಗಳನ್ನು ಸಿಡಿಮದ್ದಿಟ್ಟು ಉಡಾಯಿಸಿದರು. ಜನ ಮೈದಾನಕ್ಕೆ ನುಗ್ಗಿದ ರಭಸಕ್ಕೆ ಎರಡನೆಯ ಪಂದ್ಯವೇ ನಡೆಯಲಿಲ್ಲ. ಆ ಡಿಸ್ಕೋವನ್ನು ಪ್ರೀತಿಸಿದವರಲ್ಲಿ ಹೆಚ್ಚಿನವರು ಕರಿಯರು, ಸಲಿಂಗಿಗಳು, ಬಡ ಪರದೇಶಿಗಳು. ಅದೇ ಊರಿನಲ್ಲಿ ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ, ಅದೇ ಜನರ ನಡುವೆ, ಫ್ರ್ಯಾಂಕಿ ನಕಲ್ಸ್ ಎಂಬಾತನು ನುಡಿಸುತ್ತಿದ್ದನು. ಆ ಕ್ಲಬ್ಬಿನ ಹೆಸರಿನ ಬಾಲವೇ ಇಂದು ನನ್ನ ಮಿತ್ರನು ಅಷ್ಟು ಅಭಿಮಾನದಿಂದ ಉಚ್ಚರಿಸುವ ‘ಹೌಸ್’.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಸಂಜಯನಗರದಲ್ಲೇ ಅಣ್ಣಮ್ಮ ದೇವಿಯ ಉತ್ಸವ ಬಂದಾಗ, ಗಣಪತಿ ಬಿಡುವಾಗ, ಭೂಪಸಂದ್ರದ ಕಡೆಯ ಹುಡುಗರು ತಮಟೆಯವರ ಮುಂದೆ ಮೈಮರೆತು ಕುಣಿಯುತ್ತಾರೆ. ನನ್ನ ಮಿತ್ರಮಂಡಳಿ ಅದನ್ನು ಟಪ್ಪಾಂಗುಚ್ಚಿ ಎಂದು ಮೂಗು ಮುರಿಯುತ್ತದೆ. ಅದೇ ಮಂಡಳಿ ಶನಿವಾರ ಇಂದಿರಾನಗರಕ್ಕೆ ಹೋಗಿ, ತಲೆಗೆ ಸಾವಿರದೈನೂರು ರೂಪಾಯಿ ತೆತ್ತು, ಆಫ್ರಿಕದ ಚರ್ಮವಾದ್ಯದ ಪೆಟ್ಟನ್ನು ಯಂತ್ರದ ಮೂಲಕ ಕೇಳಿ ಕಣ್ಣು ಮುಚ್ಚಿಕೊಳ್ಳುತ್ತದೆ. (ನಾನೂ ಒಂದು ಸಲ ಹೋಗಿದ್ದೆ. ಗುರುಗಳು ಹುಬ್ಬೇರಿಸಬಾರದು, ನಾನು ಕುಡಿದದ್ದು ನಿಂಬೆಹಣ್ಣಿನ ಸೋಡಾ. ಅದರ ಬೆಲೆಯೇ ಅಮಲೇರಿಸುವಂತಿತ್ತು.) ತಮಟೆ ಬಾರಿಸುವವರ ಕುಲ ಕೇಳಿ ಅವರನ್ನು ಬೀದಿಯ ಅಂಚಿಗೆ ನಿಲ್ಲಿಸಿದ ನಾಡು ನಮ್ಮದು. ಇದೇ ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬರಲು 2023ರವರೆಗೆ ಕಾಯಬೇಕಾಯಿತು.

ಗದ್ದಲದ ಪಕ್ಷ ವಹಿಸಿ ನಾನು ಮಾತನಾಡುತ್ತಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮ 2000ನೆಯ ಇಸವಿಯಿಂದ ಇದೆ, ಇರಬೇಕಾದ್ದೇ. ನಮ್ಮ ಪಕ್ಕದ ಮನೆಯ ಬಾಣಂತಿಯೂ ಹಸುಳೆಯೂ ಪಟ್ಟ ಪಾಡನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಗದ್ದಲದ ಮೇಲಿನ ಸಿಟ್ಟು ಬೇರೆ, ತಾತ್ಸಾರ ಬೇರೆ.

ತಾತ್ಸಾರದ ವಿಷಯದಲ್ಲಿ ನಾನೇ ತಪ್ಪಿತಸ್ಥ. ಕ್ಯಾಂಟೀನಿನಲ್ಲಿ ನಾನು ಕೇಳುತ್ತಿದ್ದ ಟ್ರಾನ್ಸ್ ಹಾಡುಗಳು ನನ್ನ ದೊಡ್ಡಪ್ಪನ ಮಗ, ನನ್ನ ಅಣ್ಣ, ಆರಿಸಿ ಕೊಟ್ಟವು. ಅವನು 2009ರಿಂದ ನಗರದ ಒಂದು ಕ್ಲಬ್ಬಿನಲ್ಲಿ ಶನಿವಾರಗಳಂದು ಡಿಜೆಯಾಗಿದ್ದನು. 2014ರಲ್ಲಿ ಅಲ್ಲಿಯ ಮ್ಯಾನೇಜರು, ನಿನ್ನ ಸಂಗೀತ ಹಳತಾಯಿತು, ಮುಂದಿನ ವಾರದಿಂದ ಬರುವುದು ಬೇಡ ಎಂದರಂತೆ. ಗಡಿಯಾರ ಅವನಿಗೆ ಒಲಿದ ವರ್ಷವೇ ಬಾಗಿಲು ಮುಚ್ಚಿತು. ಈಗ ಅವನು ಮದುವೆ ಮನೆಗಳಿಗೆ, ಬೀದಿಯ ಉತ್ಸವಗಳಿಗೆ ಸೌಂಡ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ಉತ್ಸವದಲ್ಲಿ ಅವನು ಪೆಂಡಾಲಿನ ಪಕ್ಕ ತಂತಿಗಳ ನಡುವೆ ಕುಳಿತಿದ್ದನು. ನಾನು ಸಹಪಾಠಿಗಳೊಡನೆ ಹಾದುಹೋದೆ. ಅವನು ಕೈಯೆತ್ತಿದನು. ನಾನು ಬೇರೆ ಕಡೆ ನೋಡಿದೆ.

ಅವನು ಆ ಮಾತನ್ನು ಎಂದೂ ಎತ್ತಲಿಲ್ಲ. ಕಳೆದ ನವೆಂಬರಿನ ಉತ್ಸವಕ್ಕೆ ನಾನೇ ಹೋಗಿ ಅವನ ಪಕ್ಕದಲ್ಲಿ ಕುಳಿತೆ. “ಏನೋ, ಪರೀಕ್ಷೆ ಇಲ್ವೇನೋ ನಿಂಗೆ?” ಎಂದನು, ಅಷ್ಟೇ. ಆರ್ಕೆಸ್ಟ್ರಾದವರು ಊಟಕ್ಕೆ ಎದ್ದಾಗ ತಮಟೆಯವರು ಬೆಂಕಿಗೆ ಹಿಡಿದು ಕಾಯಿಸಿದ ತಮಟೆಗಳನ್ನು ಎತ್ತಿಕೊಂಡು ಶುರುಮಾಡಿದರು. ಅಣ್ಣ ಫೋನಿನ ಮೇಲೆ ಬೆರಳಿನಿಂದ ತಟ್ಟಿ ತಟ್ಟಿ ಎಣಿಸಿ ನನಗೆ ತೋರಿಸಿದನು: 138. ಒಂದು ಕ್ಷಣ ಯೋಚಿಸಿ, ತನ್ನ ಹಳೆಯ ಟ್ರಾನ್ಸ್ ತುಣುಕೊಂದನ್ನು, ತಾಳದ ಪೆಟ್ಟುಗಳನ್ನು ಪೂರ್ತಿ ತಗ್ಗಿಸಿ, ಬರಿಯ ಸ್ವರಗಳನ್ನು ಮಾತ್ರ ಅದರಡಿಗೆ ಮೆಲ್ಲಗೆ ಬಿಟ್ಟನು. ತಮಟೆಯವರಲ್ಲಿ ಹಿರಿಯರೊಬ್ಬರು ಧ್ವನಿವರ್ಧಕದ ಕಡೆಗೆ ತಿರುಗಿ ನೋಡಿದರು, ಕೈ ನಿಲ್ಲಿಸಲಿಲ್ಲ. ಹುಡುಗರು ಕುಣಿಯುತ್ತಲೇ ಇದ್ದರು. ಅದು ಯಾವ ಪ್ರಭೇದವೆಂದು ಅವರು ಯಾರೂ ಕೇಳಲಿಲ್ಲ.

ಹತ್ತಕ್ಕೆ ಐದು ನಿಮಿಷವಿರುವಾಗ ಪೊಲೀಸ್ ಪೇದೆಯವರು ಬಂದು ಕೈಗಡಿಯಾರ ತೋರಿಸಿದರು. ಅಣ್ಣ ಯಂತ್ರ ನಿಲ್ಲಿಸಿದನು. ನಾನು ಎದ್ದು ತಂತಿ ಸುತ್ತಲು ಹೋದೆ.