ಪ್ರವಾಸದ ಹೊಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ ಕಾಲದಲ್ಲಿ ದೇಶ ಸುತ್ತುವವನು ಕಾಲ್ನಡಿಗೆಯಲ್ಲೋ ಎತ್ತಿನ ಗಾಡಿಯಲ್ಲೋ ಹೋಗುತ್ತಿದ್ದನು. ಅವನ ಯಾತ್ರೆಯಿಂದ ವಾಯುಮಂಡಲಕ್ಕೆ ಒದಗುತ್ತಿದ್ದ ಹಾನಿ ಎಣಿಕೆಗೆ ಬರುವಂತಹುದಲ್ಲ. ಇಂದಿನ ಪ್ರವಾಸವಾದರೋ ಒಂದು ಬೃಹದುದ್ಯಮ. 2024ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದರಂತೆ, 2019ನೆಯ ಇಸವಿಯಲ್ಲಿ ಈ ಉದ್ಯಮದಿಂದ ಹೊರಬಿದ್ದ ಹಸಿರುಮನೆ ಅನಿಲಗಳ ಮೊತ್ತ, ಇಂಗಾಲದ ಡೈ ಆಕ್ಸೈಡಿನ ಲೆಕ್ಕದಲ್ಲಿ, 520 ಕೋಟಿ ಟನ್ನು. ಇದು ಮಾನವರ ಒಟ್ಟು ವಿಸರ್ಜನೆಯ ಶೇಕಡಾ 8.8 ಭಾಗ. ವಾಹನದ ಹೊಗೆಯಲ್ಲದೆ, ಹೋಟೆಲಿನ ವಿದ್ಯುತ್ತು, ಅತಿಥಿಗಳ ಊಟ, ಅವರು ಕೊಳ್ಳುವ ಸಾಮಾನುಗಳ ತಯಾರಿಕೆ ಎಲ್ಲವೂ ಇದರಲ್ಲಿ ಸೇರಿವೆ.

ಆದರೂ ವಿಮಾನವೇ ಇಲ್ಲಿ ಮುಖ್ಯ ಅಪರಾಧಿ. ಅದರ ಇಂಧನವು ಸೀಮೆಎಣ್ಣೆಯ ಜಾತಿಗೆ ಸೇರಿದುದು. ಒಂದು ಕಿಲೋಗ್ರಾಮು ಸುಟ್ಟರೆ ಸುಮಾರು 3.16 ಕಿಲೋಗ್ರಾಮು ಇಂಗಾಲದ ಡೈ ಆಕ್ಸೈಡು ಹುಟ್ಟುತ್ತದೆ. ಸುಟ್ಟುದಕ್ಕಿಂತ ಹುಟ್ಟಿದುದರ ತೂಕವೇ ಹೆಚ್ಚೆಂದು ವಿದ್ಯಾರ್ಥಿಗಳು ಬೆರಗಾಗಬೇಕಿಲ್ಲ. ಇಂಧನದ ಪ್ರತಿಯೊಂದು ಇಂಗಾಲದ ಪರಮಾಣುವೂ ಗಾಳಿಯಿಂದ ಎರಡು ಆಮ್ಲಜನಕದ ಪರಮಾಣುಗಳನ್ನು ಕೂಡಿಸಿಕೊಳ್ಳುತ್ತದೆ.

ಯಂತ್ರಗಳು ಸುಧಾರಿಸುತ್ತಲಿವೆ, ಚಿಂತೆ ಬೇಡ ಎನ್ನುವವರು ಉಂಟು. ಅದೇ ಸಂಶೋಧನೆಯ ಎರಡು ಅಂಕಿಗಳನ್ನು ಅವರ ಮುಂದಿಡುತ್ತೇವೆ. 2009ರಿಂದ 2019ರವರೆಗೆ ಪ್ರವಾಸದ ಬೇಡಿಕೆ ವರ್ಷಕ್ಕೆ ಶೇಕಡಾ 3.8ರಂತೆ ಏರಿತು; ತಂತ್ರದ ದಕ್ಷತೆ ಕೇವಲ ಶೇಕಡಾ 0.3ರಂತೆ. ಆಮೆ ಮೊಲಗಳ ಈ ಪಂದ್ಯದಲ್ಲಿ ಮೊಲವು ಮಲಗುವ ಸೂಚನೆಯಿಲ್ಲ. ಪರಿಣಾಮವಾಗಿ ವಿಸರ್ಜನೆ ಶೇಕಡಾ 3.5ರಂತೆ ಬೆಳೆಯಿತು. ಹೀಗೆಯೇ ಬೆಳೆದರೆ ಇಪ್ಪತ್ತು ವರ್ಷಗಳಲ್ಲಿ ಅದು ಇಮ್ಮಡಿಯಾಗುವುದೆಂದು ಚಕ್ರಬಡ್ಡಿಯನ್ನು ಬಲ್ಲ ಯಾರಾದರೂ ಲೆಕ್ಕ ಹಾಕಬಹುದು. 2020ರ ಸಾಂಕ್ರಾಮಿಕವು ಇದನ್ನು ತಡೆಯಿತಾದರೂ, 2024ರ ವೇಳೆಗೆ ಅಂತರರಾಷ್ಟ್ರೀಯ ಪ್ರವಾಸಿಗಳ ಸಂಖ್ಯೆ ಬಹುಮಟ್ಟಿಗೆ ಮೊದಲಿನಂತಾಯಿತು.

ಆ ದಶಕದ ಹೆಚ್ಚಳದಲ್ಲಿ ಶೇಕಡಾ 60 ಭಾಗ ಅಮೆರಿಕ, ಚೀನಾ, ಭಾರತ ಈ ಮೂರು ದೇಶಗಳದು. ನಮ್ಮ ದೇಶದ ಹೆಸರನ್ನು ಇಲ್ಲಿ ಕಂಡು ನಾವು ಮುಖ ತಿರುಗಿಸುವಂತಿಲ್ಲ. ಆದರೆ ತಲೆಯೊಂದಕ್ಕೆ ಭಾಗಿಸಿದರೆ ಚಿತ್ರ ಬೇರೆಯಾಗುತ್ತದೆ: ಸಿರಿವಂತ ದೇಶಗಳಿಗೂ ಬಡ ದೇಶಗಳಿಗೂ ನೂರು ಪಟ್ಟಿಗೆ ಮೀರಿದ ಅಂತರ. ಆದುದರಿಂದ ಪ್ರವಾಸವನ್ನೇ ನಿಲ್ಲಿಸಿರೆಂಬ ಉಪದೇಶ ನಮಗೆ ಒಪ್ಪಿಗೆಯಿಲ್ಲ. ರೈಲಿನಲ್ಲಿ ಹೊಸಪೇಟೆಗೆ ಹೋಗಿ ಹಂಪೆಯನ್ನು ನೋಡಿ ಬರುವ ವಿದ್ಯಾರ್ಥಿಗಳು ಧಾರಾಳವಾಗಿ ಹೋಗಲಿ.

ಹಳ್ಳಿಯ ಬಸ್ಸಿನ ಡೀಸೆಲ್ಲಿಗೆ ತೆರಿಗೆಯುಂಟು. ಸಮುದ್ರ ದಾಟಿ ಹಾರುವ ವಿಮಾನದ ಇಂಧನವು ಬಹುಮಟ್ಟಿಗೆ ತೆರಿಗೆಯಿಂದ ಮುಕ್ತ. 1944ರ ಶಿಕಾಗೋ ಒಪ್ಪಂದವೂ ಅನಂತರ ದೇಶದೇಶಗಳ ನಡುವೆ ಆದ ಕರಾರುಗಳೂ ಇದಕ್ಕೆ ಕಾರಣ. ಎಳೆಯ ಉದ್ಯಮವೊಂದನ್ನು ಬೆಳೆಸಲು ಅಂದು ಕೊಟ್ಟ ಆಸರೆಯನ್ನು ಇಂದಿಗೂ ಉಳಿಸಿಕೊಳ್ಳುವುದು ನ್ಯಾಯವಲ್ಲ. ದೂರವನ್ನು ನೋಡಿ, ವರ್ಷದಲ್ಲಿ ಎಷ್ಟು ಸಲ ಹಾರಿದರೆಂಬುದನ್ನು ನೋಡಿ ತೆರಿಗೆ ವಿಧಿಸಬೇಕೆಂಬುದು ನಮ್ಮ ಮತ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ಮಾಲ್ಡೀವ್ಸಿನಂತಹ ದ್ವೀಪರಾಷ್ಟ್ರಗಳಿಗೆ ವಿಮಾನದಲ್ಲಿ ಬರುವ ಅತಿಥಿಗಳೇ ಅನ್ನದಾತರು; ಏರುತ್ತಿರುವ ಸಮುದ್ರಕ್ಕೆ ಮೊದಲು ತುತ್ತಾಗುವವೂ ಅಂತಹ ತಗ್ಗು ದ್ವೀಪಗಳೇ. ತೆರಿಗೆಯ ಹಣದಲ್ಲಿ ಅವುಗಳಿಗೆ ಮೊದಲ ಪಾಲು ಸಲ್ಲತಕ್ಕದ್ದು.